ರೇಟು ಬರುವ ಊರಿಗೆ

ನಮ್ಮ ಕಡೆ ವಿಯೆಟ್ನಾಮಿಗೆ ಹೋಗಿಬಂದವರಿಗಿಂತ ವಿಯೆಟ್ನಾಮನ್ನು ಬೈದವರೇ ಹೆಚ್ಚು. ಸಕಲೇಶಪುರದಲ್ಲಾಗಲಿ ಮೂಡಿಗೆರೆಯಲ್ಲಾಗಲಿ ಕಾಫಿ ವ್ಯಾಪಾರಿಯ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತರೆ ಆ ಹೆಸರು ಕಿವಿಗೆ ಬಿದ್ದೇ ಬೀಳುತ್ತದೆ. ಅಲ್ಲಿ ಮಳೆ ಕೈಕೊಟ್ಟರೆ ನಮ್ಮ ರೊಬಸ್ಟಾ ಚೆರಿಗೆ ಬೆಲೆ. ಅಲ್ಲಿ ಫಸಲು ಜೋರಾದರೆ ನಮ್ಮ ಮನೆಗಳಲ್ಲಿ ಮದುವೆ ಮುಂದಕ್ಕೆ. 1990ರ ದಶಕದಲ್ಲಿ ಆ ದೇಶ ಒಮ್ಮೆಗೇ ಕಾಫಿ ಸುರಿಯತೊಡಗಿ, ದಶಕ ಮುಗಿಯುವ ಹೊತ್ತಿಗೆ ಬ್ರೆಜಿಲ್ ಬಿಟ್ಟರೆ ತಾನೇ ಎನ್ನುವಷ್ಟು ಬೆಳೆಯಿತು. ಆಮೇಲೆ 2001ರ ಆಸುಪಾಸಿನಲ್ಲಿ ಬೆಲೆ ನೆಲಕಚ್ಚಿದ್ದನ್ನು ಮಲೆನಾಡಿನ ಯಾವ ಬೆಳೆಗಾರನೂ ಮರೆತಿಲ್ಲ. ಕಾಳುಮೆಣಸಿನದೂ ಅದೇ ಪಾಡು. ವಿಯೆಟ್ನಾಂ ಮೆಣಸು ಶ್ರೀಲಂಕಾದ ವೇಷ ತೊಟ್ಟು ಒಳಗೆ ಬರುತ್ತಿದೆ ಎಂದು ನಮ್ಮವರು ದಿಲ್ಲಿಯವರೆಗೂ ದೂರು ಒಯ್ದಿದ್ದರು. 2024ರಲ್ಲಿ ಅಲ್ಲಿ ಬರ ಬಿದ್ದು, ಲಂಡನ್ ಪೇಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿದಾಗ ಮಾತ್ರ ಯಾರೂ ಬೈಯಲಿಲ್ಲ. ನಮ್ಮ ಊರಿಗೆ ಹೊಸ ಜೀಪುಗಳು ಬಂದವು.

ನಮ್ಮ ಮನೆಗೆ ಜೀಪು ಬರಲಿಲ್ಲ. ಆ ದುಡ್ಡಿನ ಒಂದು ಪಾಲಿನಲ್ಲಿ ನಾವಿಬ್ಬರೂ ವಿಯೆಟ್ನಾಮಿಗೇ ಹೊರಟೆವು.

ನಮ್ಮ ಮನೆಯವರಿಗೆ ನೋಡಬೇಕಿದ್ದದ್ದು ಒಂದೇ ಊರು, ಬುವನ್ ಮಾ ಥುವತ್. ದಾಕ್ ಲಾಕ್ ಪ್ರಾಂತ್ಯದ ಮುಖ್ಯ ಪಟ್ಟಣ, ಆ ದೇಶದ ಕಾಫಿಯ ತವರು. "ಇಷ್ಟು ವರ್ಷ ರೇಟು ಕೇಳಿದ್ದಾಯ್ತು, ಅದು ಬರೋ ಊರನ್ನೊಂದ್ಸಲ ನೋಡಿ ಬರಣ" ಅಂದರು. ನನಗೆ ಬೇಕಿದ್ದದ್ದು ರೈಲು. ನನ್ನ ಅಪ್ಪ ರೈಲ್ವೆಯಲ್ಲಿದ್ದವರು. 1979ರಲ್ಲಿ ಹಾಸನ–ಮಂಗಳೂರು ಮೀಟರ್ ಗೇಜ್ ದಾರಿ ಪೂರ್ತಿಯಾದ ಮೇಲೆ ದೋಣಿಗಾಲಿನಲ್ಲೂ ಎಡಕುಮರಿಯಲ್ಲೂ ಕೆಲಸ ಮಾಡಿದರು. ಆ ಘಟ್ಟದ 57 ಸುರಂಗಗಳ ಎಣಿಕೆ ನನಗೆ ಮಗ್ಗಿಗಿಂತ ಮೊದಲೇ ಬಾಯಿಗೆ ಬಂದಿತ್ತು. ಆಮೇಲೆ ಹಳಿ ಕಿತ್ತು ಅಗಲ ಮಾಡಿದರು; ಈಗ ನಮ್ಮ ರಾಜ್ಯದಲ್ಲಿ ಮೀಟರ್ ಗೇಜ್ ರೈಲು ಹತ್ತಬೇಕೆಂದರೂ ಇಲ್ಲ. ಹನೋಯ್‌ನಿಂದ ಸೈಗಾನಿನವರೆಗಿನ 1,726 ಕಿಲೋಮೀಟರ್ ದಾರಿ ಇವತ್ತಿಗೂ ಒಂದೇ ಮೀಟರ್ ಅಗಲದ ಹಳಿ ಎಂದು ಗೊತ್ತಾದ ಮೇಲೆ ನಾನು ಬೇರೇನೂ ವಿಚಾರಿಸಲಿಲ್ಲ.

ತೊಡಕು ಒಂದೇ. ರೈಲು ಸಮುದ್ರದ ಅಂಚು ಹಿಡಿದು ಓಡುತ್ತದೆ, ಕಾಫಿ ಇರುವುದು ಒಳನಾಡಿನ ಎತ್ತರದ ಬಯಲಿನಲ್ಲಿ. ಅಲ್ಲಿಗೆ ಹಳಿಯೇ ಇಲ್ಲ. ಹೀಗಾಗಿ ಒಪ್ಪಂದವಾಯಿತು: ಕರಾವಳಿಯುದ್ದಕ್ಕೂ ನನ್ನ ರೈಲು, ಸೈಗಾನಿನಿಂದ ಮೇಲಕ್ಕೆ ಇವರ ಅಗ್ಗದ ವಿಮಾನ. ಇಪ್ಪತ್ತೈದು ಡಾಲರಿನ ಇ-ವೀಸಾ ಕೈಗೆ ಬಂತು. ಕೊಯ್ಲು ಮುಗಿದು, ಕಣದಲ್ಲಿದ್ದದ್ದೆಲ್ಲ ಮೂಟೆಗೆ ಸೇರಿ, ಹೂಮಳೆಗೆ ಇನ್ನೂ ಆಕಾಶ ನೋಡುವ ಫೆಬ್ರವರಿ ಕೊನೆಯಲ್ಲಿ ಹೊರಟೆವು.

ಹನೋಯ್‌ನಲ್ಲಿ ಆ ಹೊತ್ತಿಗೆ ಸೂರ್ಯನ ಸುಳಿವಿಲ್ಲ. ಮಳೆ ಎನ್ನಲಾಗದ, ಮಂಜು ಎನ್ನಲೂ ಆಗದ ಸೋನೆ ಇಡೀ ದಿನ ಇಳಿಯುತ್ತಿರುತ್ತದೆ. ಜೂನಿನ ಸಕಲೇಶಪುರದವರಿಗೆ ಅದೇನು ಲೆಕ್ಕ? ಮಂಡಿ ಗಲ್ಲಕ್ಕೆ ತಾಗುವ ಪುಟ್ಟ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಫುಟ್‌ಪಾತಿನಲ್ಲೇ ಕೂತು ಬೆಂಕಿಯಲ್ಲಿ ಸುಟ್ಟ ಹಂದಿಮಾಂಸ, ಅಕ್ಕಿ ಶಾವಿಗೆ, ಹಸಿ ಸೊಪ್ಪು ತಿಂದೆವು. ಬುನ್ ಚಾ ಅದರ ಹೆಸರು. ಹಂದಿ ವಿಷಯದಲ್ಲಿ ಮಲೆನಾಡಿನವರನ್ನು ಮೆಚ್ಚಿಸುವುದು ಸುಲಭವಲ್ಲ. ಇವರು ಎರಡನೇ ತಟ್ಟೆ ಹೇಳಿದರು. ಮೊಟ್ಟೆ ಕಾಫಿಗೆ ಮಾತ್ರ ಪಾಸು ಮಾಡಲಿಲ್ಲ. 1946ರಲ್ಲಿ ಹಾಲಿಗೆ ಬರ ಬಂದಾಗ ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನ್ಯೂಯೆನ್ ವಾನ್ ಜಾಂಗ್ ಎಂಬಾತ ಹಳದಿ ಭಂಡಾರವನ್ನು ನೊರೆಗಟ್ಟುವಂತೆ ಕಡೆದು ಕಾಫಿಯ ಮೇಲೆ ಹಾಕಿ ಕೊಟ್ಟನಂತೆ. "ಇದ್ಯಾವ ಕಾಫಿನೇ, ಪಾಯಸ ಇದು" ಎಂದು ಇವರು ಚಮಚೆಯಲ್ಲಿ ನೊರೆ ಸರಿಸಿ, ತಳದಲ್ಲಿದ್ದ ಕಪ್ಪು ಡಿಕಾಕ್ಷನ್ ಒಂದು ಗುಟುಕು ಕುಡಿದು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದರು. "ರೊಬಸ್ಟಾ. ಕಪ್ಪಗೆ ಹುರಿದಿದಾರೆ. ಆದ್ರೆ ಚಿಕೋರಿ ಇಲ್ಲ."

ಹನೋಯ್ ನಿಲ್ದಾಣವನ್ನು ರಸ್ತೆಯ ಈಚೆಯಿಂದ ನೋಡಿದರೆ ಏನೋ ಹೊಂದುವುದಿಲ್ಲ ಅನಿಸುತ್ತದೆ. ಎರಡೂ ಪಕ್ಕದಲ್ಲಿ 1902ರ ಫ್ರೆಂಚ್ ಕಟ್ಟಡ; ನಡುವೆ ಮಾತ್ರ ಅಲಂಕಾರವಿಲ್ಲದ ಕಾಂಕ್ರೀಟು. 1972ರ ಡಿಸೆಂಬರಿನ ಅಮೆರಿಕದ ಬಾಂಬ್ ದಾಳಿಯಲ್ಲಿ ಮಧ್ಯಭಾಗ ಹಾರಿಹೋಯಿತು. ಮೊದಲಿದ್ದಂತೆ ಕಟ್ಟುವ ಗೋಜಿಗೆ ಹೋಗದೆ, ಆಗ ಕೈಗೆ ಸಿಕ್ಕ ರೀತಿಯಲ್ಲಿ ತುಂಬಿಸಿದರು. ಅದೇ ವರ್ಷ, 1902ರಲ್ಲೇ, ಕೆಂಪು ನದಿಗೆ ಕಟ್ಟಿದ ಲಾಂಗ್ ಬಿಯನ್ ಸೇತುವೆಯದೂ ಇದೇ ಕತೆ. ಹಳೆಯ ಕಮಾನುಗಳು ಕೆಲವು, ಬಾಂಬಿನ ನಂತರ ಹಾಕಿದ ಗಿಡ್ಡ ತೊಲೆಗಳು ಕೆಲವು. ಸೇತುವೆಯ ಮೇಲೆ ನಡೆಯುವಾಗ ನಾನು ತೊಲೆ ನೋಡುತ್ತಿದ್ದೆ, ಇವರು ಕೆಳಗೆ ನದಿಯ ನಡುಗಡ್ಡೆಯ ಬಾಳೆ ತೋಟ ನೋಡುತ್ತಿದ್ದರು.

ವಿಯೆಟ್ನಾಮಿನ ಈ ದಾರಿಯಲ್ಲಿ ದಕ್ಷಿಣಕ್ಕೆ ಹೋಗುವ ರೈಲುಗಳಿಗೆ ಬೆಸ ಸಂಖ್ಯೆ, ಉತ್ತರಕ್ಕೆ ಬರುವವಕ್ಕೆ ಸಮ. ಸಂಜೆಯ ಬೆಸ ರೈಲು ಹತ್ತಿದೆವು. ನಾಲ್ಕು ಬರ್ತಿನ ಕೋಣೆ, ಬಾಗಿಲು ಎಳೆದುಕೊಳ್ಳಬಹುದು. ಹೊರಟ ಸ್ವಲ್ಪ ಹೊತ್ತಿನಲ್ಲೇ ಮನೆಗಳು ಕಿಟಕಿಗೆ ಎಷ್ಟು ಹತ್ತಿರ ಬಂದವೆಂದರೆ ಒಳಗೆ ಟಿವಿಯಲ್ಲಿ ಏನು ಓಡುತ್ತಿದೆ, ಯಾರ ತಟ್ಟೆಯಲ್ಲಿ ಏನಿದೆ ಎಲ್ಲ ಕಂಡಿತು. ಆಮೇಲೆ ಬಂತು ನೋಡಿ ನಾನು ಕಾದಿದ್ದ ತೊನೆದಾಟ. ಬ್ರಾಡ್ ಗೇಜಿನ ಗಾಡಿ ಮುಂದಕ್ಕೆ ನುಗ್ಗುತ್ತದೆ, ಮೀಟರ್ ಗೇಜಿನದು ಪಕ್ಕಕ್ಕೂ ತೂಗುತ್ತದೆ; ಜಾಯಿಂಟಿನ ಮೇಲೆ ಗಾಲಿ ಹಾಯುವ ಸದ್ದು ಬೆನ್ನಿಗೇ ಕೇಳಿಸುತ್ತದೆ. "ನಿದ್ದೆ ಬರಲ್ಲ ಕಣೇ ಇದ್ರಲ್ಲಿ" ಎಂದವರು ಹತ್ತು ನಿಮಿಷದಲ್ಲಿ ಗೊರಕೆ ಹೊಡೆಯುತ್ತಿದ್ದರು.

ಎದುರು ಬರ್ತುಗಳಲ್ಲಿ ದೋಂಗ್ ಹೋಯ್‌ಗೆ ಹೋಗುವ ಮುದಿ ದಂಪತಿ. ಮಾತಿಗೆ ಭಾಷೆಯಿಲ್ಲ. ಡಬ್ಬಿಯ ತುದಿಯ ಬಿಸಿನೀರಿನ ನಲ್ಲಿಯಿಂದ ಆ ಅಜ್ಜ ಚಹಾಕ್ಕೆ ನೀರು ತಂದು ನಮಗೂ ಬಗ್ಗಿಸಿದರು. ಅಜ್ಜಿ ಸೊಂಟದ ಚೀಲದಿಂದ ಪುಟ್ಟ ಡಬ್ಬಿ ತೆಗೆದರು. ವೀಳ್ಯದೆಲೆ, ಸುಣ್ಣ, ನಾಲ್ಕು ಹೋಳು ಮಾಡಿದ ಹಸಿ ಅಡಿಕೆ! ಅಲ್ಲಿ ಎಲೆ ಅಡಿಕೆ ಮೆಲ್ಲುವವರು ಈಗ ಮುದುಕಿಯರಷ್ಟೇ, ಆದರೆ ಮದುವೆ ಮಾತುಕತೆಗೆ ಮಾತ್ರ ಅದು ಇಂದಿಗೂ ಬೇಕೇ ಬೇಕು. ನನ್ನ ಬ್ಯಾಗಿನಲ್ಲಿ ಕೆಂಪಡಿಕೆ ಇಲ್ಲದಿರುತ್ತದೆಯೇ? ಎರಡು ಬೆಟ್ಟೆ ಕೊಟ್ಟೆ. ಅವರು ಬೆಳಕಿಗೆ ಹಿಡಿದು ನೋಡಿದರು, ಮೂಸಿದರು, ಹಲ್ಲಿಗೆ ಕೊಟ್ಟು ಕಚ್ಚಲಾಗದೆ ನಕ್ಕು, ಗಂಡನನ್ನು ತಿವಿದು ಎಬ್ಬಿಸಿ ತೋರಿಸಿದರು. ಹಸಿ ಅಡಿಕೆಯ ಎಲೆ ನನಗೆ ತಲೆ ಸುತ್ತಿಸಿತು. ಒಳ್ಳೆಯ ರಾತ್ರಿ.

ಬೆಳಗಿನ ಜಾವ ಅವರು ಇಳಿದುಹೋದರು. ದೋಂಗ್ ಹೋಯ್ ದಾಟಿದ ಮೇಲೆ ನಾನು ಕಿಟಕಿ ಬಿಡಲಿಲ್ಲ. ಬೆನ್ ಹಾಯ್ ಎಂಬ ಸಣ್ಣ ನದಿ ಬರಬೇಕು. 1954ರ ಜಿನೀವಾ ಒಪ್ಪಂದದಲ್ಲಿ ಹದಿನೇಳನೇ ಅಕ್ಷಾಂಶದ ಹತ್ತಿರ ದೇಶವನ್ನು ಎರಡು ಮಾಡಿದ ಗಡಿ ಈ ನದಿಯೇ. ಆಚೆ ಉತ್ತರ, ಈಚೆ ದಕ್ಷಿಣ. ರಸ್ತೆಯ ಹಿಯೆನ್ ಲುವಾಂಗ್ ಸೇತುವೆಯನ್ನು ಅರ್ಧಕ್ಕೆ ಒಂದು ಬಣ್ಣ, ಉಳಿದರ್ಧಕ್ಕೆ ಇನ್ನೊಂದು ಬಣ್ಣ ಬಳಿದು ಕಾಯುತ್ತಿದ್ದರು. ರೈಲಿನಿಂದ ಅದು ಕಾಣುವುದಿಲ್ಲ. ಫ್ರೆಂಚರು 1899ರಲ್ಲಿ ಶುರು ಮಾಡಿ 1936ರಲ್ಲಿ ಮುಗಿಸಿದ ಈ ಹಳಿ ಹದಿನೆಂಟೇ ವರ್ಷಕ್ಕೆ ಇಲ್ಲಿ ತುಂಡಾಯಿತು. ಯುದ್ಧ ಮುಗಿದ ಮೇಲೆ 1,334 ಸೇತುವೆ, 27 ಸುರಂಗ ದುರಸ್ತಿ ಮಾಡಿ, 1976ರ ಡಿಸೆಂಬರ್ 31ಕ್ಕೆ ಮತ್ತೆ ರೈಲು ಬಿಟ್ಟರು. ಒಂದು ದಾರಿಯ ರಿಪೇರಿಗೆ ಬಂದ ಸಾಮಾನನ್ನು ಅಪ್ಪ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದದ್ದು ನನಗೆ ಗೊತ್ತು. ಬೋಲ್ಟು ಕಡಿಮೆ ಬಿದ್ದರೆ ಎರಡು ವಾರ ಕೆಲಸ ನಿಲ್ಲುತ್ತಿತ್ತು. ಸೋತು ಸುಣ್ಣವಾದ ದೇಶವೊಂದು ಒಂದೂಮುಕ್ಕಾಲು ವರ್ಷದೊಳಗೆ ಇಷ್ಟನ್ನು ಹೇಗೆ ಮಾಡಿತು ಎಂಬುದು ನನಗೆ ಟ್ಯಾಂಕು, ಸುರಂಗ ಅಡಗುದಾಣಗಳ ಕತೆಗಿಂತ ದೊಡ್ಡದಾಗಿ ಕಂಡಿತು. ನದಿ ಬಂತು, ಹೋಯಿತು. ಎರಡೂ ದಡದಲ್ಲಿ ಒಂದೇ ಹಸಿರಿನ ಭತ್ತದ ಗದ್ದೆ, ಗದ್ದೆಯ ನಡುವೆ ಗೋರಿಗಳು. ಇವರು ಕಪ್ಪಿನಲ್ಲಿ ಶಾವಿಗೆಗೆ ಬಿಸಿನೀರು ಸುರಿಯುತ್ತಿದ್ದರು.

ಹ್ವೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನ್ಯೂಯೆನ್ ಅರಸರು 1802ರಿಂದ 1945ರವರೆಗೆ ಆಳಿದ ರಾಜಧಾನಿ. ಕೋಟೆ ದೊಡ್ಡದು, ಒಳಗೆ ಉಳಿದದ್ದು ಸಣ್ಣದು. 1968ರ ಟೆಟ್ ಹಬ್ಬದ ಹೊತ್ತಿನ ಕಾಳಗದಲ್ಲಿ ಬಹುಪಾಲು ನೆಲಸಮವಾಗಿತ್ತು. ಥಿಯನ್ ಮು ಪಗೋಡದಲ್ಲಿ ಒಂದು ನೀಲಿ ಆಸ್ಟಿನ್ ಕಾರು ನಿಲ್ಲಿಸಿದ್ದಾರೆ. 1963ರ ಜೂನ್ 11ರಂದು ಸೈಗಾನಿನ ಬೀದಿಯಲ್ಲಿ ಬೆಂಕಿ ಹಚ್ಚಿಕೊಂಡು ಪ್ರಾಣಬಿಟ್ಟ ಬೌದ್ಧ ಭಿಕ್ಷು ಥಿಕ್ ಕ್ವಾಂಗ್ ದುಕ್ ಇಳಿದದ್ದು ಅದೇ ಕಾರಿನಿಂದ. ಅದರ ಮುಂದೆ ಜನ ಸೆಲ್ಫಿ ತೆಗೆಯುತ್ತಿದ್ದರು. ನಾವು ಬೇಗ ಹೊರಟೆವು.

ಹ್ವೆಯಿಂದ ದಾನಾಂಗಿಗೆ 103 ಕಿಲೋಮೀಟರ್. ರಸ್ತೆಗೆ 2005ರಲ್ಲಿ ಆರು ಕಿಲೋಮೀಟರಿಗೂ ಉದ್ದದ ಸುರಂಗ ಬಂದ ಮೇಲೆ ಬಸ್ಸಿನವರು ಹೈ ವಾನ್ ಘಟ್ಟವನ್ನು ನೋಡುವುದೇ ಇಲ್ಲ. ರೈಲಿಗೆ ಆ ಸುಖ ಇಲ್ಲ; ಗುಡ್ಡದ ಸೊಂಟ ಬಳಸಿಯೇ ಹೋಗಬೇಕು. ಎಡಗಡೆ ಕೂತಿದ್ದೆವು. ಲಾಂಗ್ ಕೋ ಲಗೂನಿನ ಬೂದು ನೀರು ಹಿಂದಾದ ಮೇಲೆ ಗಾಡಿ ನಡಿಗೆಯ ವೇಗಕ್ಕೆ ಇಳಿಯಿತು. ಒಂದು ಸುರಂಗ, ಒಂದು ತಿರುವು, ಕೆಳಗೆ ಕಲ್ಲಿಗೆ ಬಡಿಯುವ ಸಮುದ್ರ, ಮತ್ತೆ ಸುರಂಗ. ತಿರುವಿನಲ್ಲಿ ನಮ್ಮದೇ ಎಂಜಿನ್ನು ಮುಂದೆ ಬಾಗಿ ಕಾಣುತ್ತಿತ್ತು. ನಮ್ಮ ಘಟ್ಟದಲ್ಲಿ ಕೆಳಗೆ ಕಾಡು, ಇಲ್ಲಿ ಕಡಲು. ಅಷ್ಟೇ ವ್ಯತ್ಯಾಸ ಎಂದು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಇವರು "ಸುರಂಗ ಎಷ್ಟಾಯ್ತೇ?" ಅಂದರು. ಮದುವೆಯಾದ ಹೊಸದರಲ್ಲಿ ನಾನು ಸುರಂಗ ಎಣಿಸುವುದನ್ನು ಇವರು ಹುಚ್ಚು ಎಂದಿದ್ದವರು.

ಈ ಗುಡ್ಡಸಾಲು ಹವೆಯ ಗಡಿ ಎಂದು ಓದಿದ್ದು ನಿಜವಾಯಿತು. ಉತ್ತರದ ಚಳಿಗಾಳಿಯನ್ನು ಅದು ತಡೆದುಬಿಡುತ್ತದೆ. ಆ ಕಡೆ ಸ್ವೆಟರು ಹಾಕಿ ಹತ್ತಿದವರು ಈ ಕಡೆ ಇಳಿದಾಗ ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ. ದಾನಾಂಗಿನಲ್ಲಿ ಹಳಿ ಮುಂದಕ್ಕೆ ಹೋಗುವುದಿಲ್ಲ. ಎಂಜಿನ್ನು ಹಿಂದಿನ ತುದಿಗೆ ಬಂದು ಸೇರಿಕೊಂಡು, ಸೈಗಾನಿಗೆ ಹೋಗುವವರೆಲ್ಲ ಬೆನ್ನುಹಾಕಿಕೊಂಡು ಹೊರಡುತ್ತಾರೆ.

ನಾವು ಅಲ್ಲಿ ಇಳಿದದ್ದು ಮೀ ಸನ್‌ಗಾಗಿ. ಗುಡ್ಡಗಳ ನಡುವಿನ ಬಟ್ಟಲು ಕಣಿವೆ. ನಾಲ್ಕನೇ ಶತಮಾನದ ಕೊನೆಗೆ ಚಂಪಾದ ಅರಸ ಭದ್ರವರ್ಮ ಇಲ್ಲಿ ಭದ್ರೇಶ್ವರನೆಂಬ ಲಿಂಗವನ್ನು ನಿಲ್ಲಿಸಿ ಸುತ್ತಲ ಭೂಮಿಯನ್ನೆಲ್ಲ ಅದಕ್ಕೆ ಬಿಟ್ಟುಕೊಟ್ಟ. ಆಮೇಲೆ ಹದಿಮೂರನೇ ಶತಮಾನದವರೆಗೂ ಕಟ್ಟುತ್ತಲೇ ಹೋದರು. ಕೆಂಪು ಇಟ್ಟಿಗೆಯ ಗೋಪುರಗಳು, ಸಂದಿನಲ್ಲಿ ಗಾರೆಯ ಗುರುತೇ ಕಾಣದು. ಫ್ರೆಂಚ್ ವಿದ್ವಾಂಸರು ಗುಂಪುಗಳಿಗೆ ಎ, ಬಿ, ಸಿ ಎಂದು ಅಕ್ಷರ ಕೊಟ್ಟಿದ್ದು ಹಾಗೇ ಉಳಿದಿದೆ. ಎಲ್ಲಕ್ಕಿಂತ ಎತ್ತರದ ಎ1 ಗೋಪುರ 1969ರ ಆಗಸ್ಟಿನಲ್ಲಿ ಬಿ-52 ವಿಮಾನಗಳ ಬಾಂಬಿಗೆ ಬಿತ್ತು. ಬಾಂಬಿನ ಗುಂಡಿಗಳಲ್ಲಿ ಈಗ ಹುಲ್ಲು ಬೆಳೆದಿದೆ. ಯುದ್ಧದ ನಂತರ ಪೋಲೆಂಡಿನಿಂದ ಬಂದ ವಾಸ್ತುಶಿಲ್ಪಿ ಕಾಜಿಮಿಯೆಜ್ ಕ್ವಿಯಾಟ್ಕೋವ್ಸ್ಕಿ ಇಲ್ಲಿ ಬಿದ್ದದ್ದನ್ನು ಎತ್ತಿ ನಿಲ್ಲಿಸುತ್ತಲೇ ವರ್ಷಗಳನ್ನು ಕಳೆದು, 1997ರಲ್ಲಿ ಹ್ವೆಯಲ್ಲಿ ತೀರಿಕೊಂಡರು. 2017ರಿಂದ ಎ, ಎಚ್, ಕೆ ಗುಂಪುಗಳನ್ನು ನಮ್ಮ ಪುರಾತತ್ವ ಇಲಾಖೆ ಕೈಗೆತ್ತಿಕೊಂಡಿತು. 2020ರ ಮೇ ತಿಂಗಳಲ್ಲಿ ಅವರ ಅಗೆತದಲ್ಲೇ ಒಂಬತ್ತನೇ ಶತಮಾನದ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತು.

ನಮ್ಮ ದೇಶದ ಪ್ರವಾಸಿಗರು ಇಲ್ಲಿ ಎದೆಯುಬ್ಬಿಸಿ ಮಾತಾಡುವುದನ್ನು ಕೇಳಿದೆ. "ಎಲ್ಲ ನಮ್ಮಿಂದಲೇ ಬಂದದ್ದು" ಎಂಬ ರಾಗ. ನನಗೆ ಬೇರೆಯೇ ಒಂದು ಸಂಗತಿ ಹಿಡಿಸಿತು. ಇಲ್ಲಿಗೆ ಹತ್ತಿರದ ತ್ರಾ ಕಿಯೂ ಬಳಿ ದೋಂಗ್ ಯೆನ್ ಚಾವ್ ಎಂಬಲ್ಲಿ ಒಂದು ಶಾಸನ ಸಿಕ್ಕಿದೆ. ಲಿಪಿ ದಕ್ಷಿಣದ ಬ್ರಾಹ್ಮಿಯ ಬಳಗದ್ದು, ಭಾಷೆ ಸಂಸ್ಕೃತವಲ್ಲ, ಚಂಪಾದವರ ಮಾತಾದ ಚಾಮ್. ನಾಲ್ಕನೇ ಶತಮಾನದ್ದೆಂದು ವಿದ್ವಾಂಸರು ಹೇಳುತ್ತಾರೆ. ಆಗ್ನೇಯ ಏಷ್ಯಾದ ಯಾವುದೇ ನಾಡನುಡಿಯಲ್ಲಿ ದೊರೆತ ಮೊದಲ ಬರಹ ಅದು. ಅರಸನ ನಾಗನನ್ನು ಗೌರವಿಸಿದವರಿಗೆ ರತ್ನ, ಬೈದವರಿಗೆ ಸಾವಿರ ವರ್ಷ ನರಕ ಎಂಬುದು ಅದರ ತಿರುಳು. ನಮ್ಮ ಮನೆಯಿಂದ ಒಂದು ಬೆಳಗಿನಲ್ಲಿ ಹೋಗಿಬರಬಹುದಾದ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಸುಮಾರು 450ರದು. ಅಂದರೆ ನೂರು ವರ್ಷದ ಅಂತರದಲ್ಲಿ, ಸಮುದ್ರದ ಎರಡು ಬದಿಯಲ್ಲಿ, ಎರಡು ಜನ ಒಂದೇ ಬಳಗದ ಅಕ್ಷರ ಹಿಡಿದು ತಮ್ಮ ತಮ್ಮ ಮನೆಮಾತನ್ನು ಕಲ್ಲಿಗೆ ಹತ್ತಿಸಿದರು. ಯಾರು ಯಾರಿಗೆ ಕಲಿಸಿದರು ಎಂಬ ಜಂಭಕ್ಕಿಂತ ಇದು ಚೆನ್ನಾಗಿದೆ. ಕನ್ನಡ ಬದುಕಿ ಕೋಟ್ಯಂತರ ಜನರ ಬಾಯಲ್ಲಿದೆ, ಚಾಮ್ ಒಂದು ಅಲ್ಪಸಂಖ್ಯಾತರ ಮಾತಾಯಿತು. ಇದನ್ನೆಲ್ಲ ನಾನು ಹೇಳುತ್ತಿದ್ದರೆ ಇವರು ಗೋಪುರದ ನೆತ್ತಿಯಲ್ಲಿ ಬೇರುಬಿಟ್ಟ ಗಿಡ ನೋಡುತ್ತಿದ್ದರು. "ಮೊದ್ಲು ಅದನ್ನ ಕೀಳಿಸಬೇಕು."

ದಾನಾಂಗಿನಿಂದ ನ್ಯಾ ಚಾಂಗ್‌ವರೆಗಿನ ಭಾಗವೇ 1936ರಲ್ಲಿ ಕೊನೆಗೆ ಕೂಡಿಸಿದ ತುಂಡು. ಹಗಲಿನಲ್ಲಿ ದಾಟಿದೆವು. ಭತ್ತ, ಉಪ್ಪಿನ ಗದ್ದೆ, ಸಿಗಡಿ ಹೊಂಡ, ಮತ್ತೆ ಭತ್ತ. ತಳ್ಳುಗಾಡಿಯಲ್ಲಿ ಬೇಯಿಸಿದ ಜೋಳದ ತೆನೆ, ಅನ್ನ, ಕೋಳಿ, ಸಾರು ಬಂದುಹೋಗುತ್ತಿದ್ದವು. ಎಕ್ಸ್‌ಪ್ರೆಸ್ ಎಂದು ಹೆಸರು, ಸರಾಸರಿ ವೇಗ ಗಂಟೆಗೆ ಐವತ್ತು ಕಿಲೋಮೀಟರಿನ ಆಸುಪಾಸು. ಈ ನಿಧಾನಕ್ಕೂ ಗಡುವು ಬಿದ್ದಿದೆ: 2024ರ ನವೆಂಬರ್ 30ರಂದು ಅಲ್ಲಿನ ಸಂಸತ್ತು 1,541 ಕಿಲೋಮೀಟರಿನ ಹೊಸ ಅತಿವೇಗದ ಹಳಿಗೆ ಒಪ್ಪಿಗೆ ಕೊಟ್ಟಿತು. ಗಂಟೆಗೆ 350 ಕಿಲೋಮೀಟರ್ ಓಡುವ ಗಾಡಿ, 6,700 ಕೋಟಿ ಡಾಲರ್ ಖರ್ಚು.

ನ್ಯಾ ಚಾಂಗ್ ದಾಟಿ ಥಾಪ್ ಚಾಮ್ ಬಂದಾಗ ನಾನು ಪ್ಲಾಟ್‌ಫಾರ್ಮಿಗೆ ಇಳಿದು ಬಂದೆ. ಇಲ್ಲಿಂದ ದಾ ಲಾತ್ ಗಿರಿಪಟ್ಟಣಕ್ಕೆ 84 ಕಿಲೋಮೀಟರ್ ಹಲ್ಲುಹಳಿಯ ದಾರಿ ಇತ್ತು. ಊಟಿ ರೈಲಿನ ಜಾತಿಯದು, ಪೂರ್ತಿಯಾದದ್ದು 1932ರಲ್ಲಿ. ಯುದ್ಧದಲ್ಲಿ ನಿಂತುಹೋಯಿತು. ಆಮೇಲೆ ಅದರ ಹಳಿಯನ್ನು ಕಿತ್ತು ಈ ಮುಖ್ಯ ದಾರಿಯ ರಿಪೇರಿಗೆ ಬಳಸಿದರು. ಅದರ ಉಗಿ ಎಂಜಿನ್ನುಗಳಲ್ಲಿ ಹಲವು ಸ್ವಿಟ್ಜರ್ಲೆಂಡಿನಲ್ಲಿ ತಯಾರಾದವು. 1990ರಲ್ಲಿ ಅಲ್ಲಿನ ಫುರ್ಕಾ ಘಟ್ಟದ ರೈಲುಪ್ರಿಯರು ಬಂದು ಕೊಂಡುಕೊಂಡು ತಮ್ಮ ದೇಶಕ್ಕೇ ಸಾಗಿಸಿದರು, ಈಗ ಅಲ್ಲಿ ಓಡಿಸುತ್ತಿದ್ದಾರೆ. ಹಾಳಾದ ಸಾಮಾನಿಗೂ ಗಿರಾಕಿ ಸಿಗುತ್ತಾನೆ ಎಂದು ಇವರಿಗೆ ಅದೊಂದು ಕತೆ ಬಹಳ ಹಿಡಿಸಿತು.

ಸೈಗಾನಿನ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. 1975ರ ಏಪ್ರಿಲ್ 30ರಂದು ಟ್ಯಾಂಕು ನುಗ್ಗಿದ ಅರಮನೆಯ ಗೇಟು ನೋಡಿದೆವು. ತಮಿಳರು ಕಟ್ಟಿದ ಮಾರಿಯಮ್ಮನ ಗುಡಿಯಲ್ಲಿ ವಿಯೆಟ್ನಾಮಿನ ಹೆಂಗಸರು ಗೋಡೆಗೆ ಹಣೆ ತಾಗಿಸಿ ಬೇಡಿಕೊಳ್ಳುವುದನ್ನು ನೋಡಿದೆವು. ಬೈಕುಗಳ ನಡುವೆ ರಸ್ತೆ ದಾಟಿದೆವು. ನಿಲ್ಲದೆ, ಓಡದೆ, ಒಂದೇ ಸಮ ನಡೆಯಬೇಕು. ಅವರೇ ಸುತ್ತುಹಾಕಿ ಹೋಗುತ್ತಾರೆ.

ಇನ್ನು ಇವರ ವಿಮಾನ. ಹನೋಯ್–ಸೈಗಾನ್ ವಿಮಾನ ಮಾರ್ಗ ಜಗತ್ತಿನ ಅತಿ ದಟ್ಟ ದೇಶೀಯ ಮಾರ್ಗಗಳಲ್ಲೊಂದು. ನಾವು ರಾತ್ರಿ ಹಗಲು ಎಳೆದುಕೊಂಡು ಬಂದ ದೂರವನ್ನು ಜನ ಎರಡು ಗಂಟೆಯಲ್ಲಿ ಮುಗಿಸಿ, ರೈಲಿನ ಮಲಗುವ ಡಬ್ಬಿಗಿಂತ ಕೆಲವೊಮ್ಮೆ ಕಡಿಮೆ ದುಡ್ಡು ಕೊಡುತ್ತಾರೆ. ಆದರೆ ಅಗ್ಗದ ವಿಮಾನದಲ್ಲಿ ಟಿಕೆಟ್ಟು ಮಾತ್ರ ಅಗ್ಗ. ಕೈಚೀಲಕ್ಕೆ ಏಳು ಕಿಲೋ ಮಿತಿ, ಮೀರಿದರೆ ಕೌಂಟರಿನಲ್ಲೇ ವಸೂಲಿ. ಮೊದಲ ಹಾರಾಟದ ಸಾಲಿನಲ್ಲಿ ನಿಂತೇ ಇವರು ನನ್ನ ಅವಲಕ್ಕಿ, ಚಟ್ನಿಪುಡಿಯನ್ನು ಜಾಕೆಟ್ಟಿನ ಜೇಬಿಗೆ ತುಂಬಿಕೊಂಡರು. ತೂಕದವಳು ಚೀಲ ನೋಡಿದಳು, ಉಬ್ಬಿದ ಜಾಕೆಟ್ಟನ್ನೂ ನೋಡಿದಳು, ಮುಗುಳ್ನಕ್ಕು ಬಿಟ್ಟಳು. ರೈಲಿನಲ್ಲಿ ಅಕ್ಕಿ ಮೂಟೆ, ಮೀನಿನ ಡಬ್ಬಿ, ಸೈಕಲ್ಲು ಎಲ್ಲ ಬಂದದ್ದನ್ನು ನೆನಪಿಸಿ ನಾನು ಏನೋ ಅಂದೆ, ಇವರು ಕೇಳಿಸದವರಂತೆ ಮುಂದೆ ನಡೆದರು. ಒಂದು ಗಂಟೆಯೂ ಆಗಿರಲಿಲ್ಲ, ಕೆಳಗೆ ಕೆಮ್ಮಣ್ಣು ಕಾಣಿಸಿತು. ಇವರ ಮೂಗು ಕಿಟಕಿ ಗಾಜಿಗೆ ಅಂಟಿತು.

"ನೆರಳೇ ಇಲ್ಲವಲ್ಲೇ!"

ಬುವನ್ ಮಾ ಥುವತ್‌ನ ಸುತ್ತ ಕಾಫಿ ಬಟಾಬಯಲಿನಲ್ಲಿದೆ. ನಮ್ಮಂತೆ ಹಾಲವಾಣ, ಹಲಸು, ಸಿಲ್ವರ್ ಮರದ ನೆರಳಿಲ್ಲ. ಹಾಗಾಗಿ ಮರಗಸಿ ಎಂಬ ಖರ್ಚೂ ಇಲ್ಲ. ಪ್ರತಿ ಗಿಡದ ಬುಡಕ್ಕೂ ಅಗಲವಾದ ಪಾತಿ, ಒಣಗಾಲದಲ್ಲಿ ಆ ಪಾತಿಗೆ ಪೈಪು ಹಿಡಿದು ನೂರಾರು ಲೀಟರ್ ನೀರು. ಗೊಬ್ಬರವೂ ಅಷ್ಟೇ ಧಾರಾಳ. ಹೆಕ್ಟೇರಿಗೆ ಎರಡೂವರೆ ಟನ್ನಿನ ಮೇಲೆ ಬೆಳೆಯುತ್ತಾರೆ. ನಮ್ಮಲ್ಲಿ ಅದರರ್ಧ ಬಂದರೆ ದೇವರಿಗೆ ಕಾಯಿ ಒಡೆಯುತ್ತೇವೆ. 'ಎಸ್ಟೇಟು' ಎಂಬ ಮಾತು ಇಲ್ಲಿ ಹೆಚ್ಚು ಸಲ್ಲದು. ಬಹುಪಾಲು ತೋಟಗಳು ಒಂದೆರಡು ಹೆಕ್ಟೇರಿನವು, ದುಡಿಮೆ ಮನೆಯವರದೇ. ಊರ ನಡುವಿನ ವೃತ್ತದಲ್ಲಿ ಒಂದು ಟ್ಯಾಂಕು ನಿಲ್ಲಿಸಿದ್ದಾರೆ. 1975ರ ಮಾರ್ಚ್ 10ರಂದು ಉತ್ತರದ ಸೇನೆ ತನ್ನ ಕೊನೆಯ ದಾಳಿಯಲ್ಲಿ ಮೊದಲು ಬಿದ್ದದ್ದು ಈ ಊರಿನ ಮೇಲೆ, ಅಲ್ಲಿಂದ ಐವತ್ತೊಂದು ದಿನಕ್ಕೆ ಸೈಗಾನ್ ಬಿತ್ತು. ಆಮೇಲೆ ಸರ್ಕಾರ ಕೆಳನಾಡಿನ ಜನರನ್ನು ತಂದು ಇಲ್ಲಿ ನೆಲೆಗೊಳಿಸಿತು. ಏಡೆ ಮುಂತಾದ ಮೂಲ ಜನರ ಕಾಡು, ಕುಮರಿ ಹೊಲ ಕಾಫಿಯಾಯಿತು. 1986ರ ದೋಯ್ ಮೋಯ್ ಸುಧಾರಣೆಯಲ್ಲಿ ಸಾಮೂಹಿಕ ಬೇಸಾಯ ಸಡಿಲಗೊಂಡು ಜಮೀನು ಮನೆಮನೆಯ ಕೈಗೆ ಬಂದ ಮೇಲೆ ನಮ್ಮ ಪಾಲಿನ 2001 ಸಿದ್ಧವಾಗತೊಡಗಿತು.

ನಾವಿದ್ದ ಮನೆಯವರು ಪಕ್ಕದ ತೋಟದಾಕೆಯ ಹತ್ತಿರ ಕರೆದುಕೊಂಡು ಹೋದರು. ನನ್ನ ವಯಸ್ಸಿನವಳೇ. ಚಿಕ್ಕ ಹುಡುಗಿಯಾಗಿ ಅಪ್ಪ ಅಮ್ಮನ ಜತೆ ಉತ್ತರದಿಂದ ಬಂದವಳು. ಗಮ್‌ಬೂಟು, ಮುಖ ಮುಚ್ಚುವ ಬಟ್ಟೆ, ಕೈಯಲ್ಲಿ ನೀರಿನ ಪೈಪು. ನೀರು ಕುಡಿದ ಗಿಡಗಳಲ್ಲಿ ಹೂ ಒಡೆದಿತ್ತು. ಆ ವಾಸನೆಗೆ ನಮಗೆ ಯಾವ ದುಭಾಷಿಯೂ ಬೇಕಿರಲಿಲ್ಲ. ಮಾತಿಗೆ ಮಾತ್ರ ಫೋನಿನ ಅನುವಾದ. ಇವರು ಕನ್ನಡದಲ್ಲಿ ಹೇಳುವುದು, ಫೋನು ವಿಯೆಟ್ನಾಮಿನಲ್ಲಿ ಏನೋ ಹೇಳುವುದು, ಅವಳು ನಗುವುದು. ಚೆರಿ, ಔಟ್‌ಟರ್ನು ಎಂಬುವುಗಳನ್ನು ಆ ಯಂತ್ರ ಏನು ಮಾಡಿತೋ ದೇವರೇ ಬಲ್ಲ.

ಕೊನೆಗೆ ಇವರು ಲಂಡನ್ ದರದ ಆ್ಯಪು ತೆಗೆದು ತೋರಿಸಿದರು. ಅವಳು ತನ್ನ ಫೋನು ತೆಗೆದು ತೋರಿಸಿದಳು. ಎರಡರಲ್ಲೂ ಒಂದೇ ಗೆರೆ, ಒಂದೇ ಏರಿಳಿತ.

ಲೆಕ್ಕ ಕೂಡಿಸುವುದು ಕಷ್ಟವಾಯಿತು. ಅವರದು ಸಿಪ್ಪೆ ತೆಗೆದ ಬೀಜದ ಕಿಲೋ ದರ, ದೋಂಗ್ ಲೆಕ್ಕದಲ್ಲಿ, ಲಕ್ಷದ ಮೇಲೆ. ನಮ್ಮದು ಐವತ್ತು ಕಿಲೋ ಒಣ ಚೆರಿಯ ಮೂಟೆಗೆ ರೂಪಾಯಿ. ಮೂಟೆಗೆ ಇಪ್ಪತ್ತಾರೋ ಇಪ್ಪತ್ತೇಳೋ ಕಿಲೋ ಬೀಜ, ರೂಪಾಯಿಗೆ ಸುಮಾರು 300 ದೋಂಗ್. ಬೋರ್ಡಿಂಗ್ ಪಾಸಿನ ಹಿಂಬದಿಯಲ್ಲಿ ಇವರು ಗುಣಿಸಿ ಭಾಗಿಸಿ, ಅವಳ ಮುಂದೆ ಹಿಡಿದರು. ಇಬ್ಬರಿಗೂ ಸಿಗುವುದು ಹೆಚ್ಚುಕಡಿಮೆ ಒಂದೇ. "ಅಲ್ಲ ಕಣೇ, ಇವಳಿಗೂ ನಮ್ಮಷ್ಟೇ ಸಿಗದಾದ್ರೆ ನಾವ್ ಇಷ್ಟು ವರ್ಷ ಬೈದಿದ್ದು ಯಾರನ್ನ?" ಎಂದು ಇವರು ನನ್ನನ್ನು ಕೇಳಿದರು. ಫೋನು ಅದನ್ನೂ ಅನುವಾದ ಮಾಡಿಬಿಟ್ಟಿತು. ಅವಳು ಓದಿ, ಏನೋ ಟೈಪು ಮಾಡಿ ತಿರುಗಿಸಿದಳು. ಬೆಲೆ ಬಿದ್ದಾಗ ತಾವು ಬ್ರೆಜಿಲನ್ನು ಬೈಯುತ್ತೇವೆ ಎಂದಿತ್ತು.

ತೋಟದ ಒಂದು ಬದಿಯಲ್ಲಿ ಕಾಂಕ್ರೀಟು ಕಂಬಗಳು ಸಾಲಾಗಿ ಬೋಳು ನಿಂತಿದ್ದವು. ಮೆಣಸು ಇದ್ದ ಜಾಗ. ಬಳ್ಳಿಯೆಲ್ಲ ಸೊರಗು ರೋಗಕ್ಕೆ ಹೋಯಿತಂತೆ. ಆ ಕಂಬಗಳ ನಡುವೆ ಉದ್ದೆಲೆಯ ಎಳೆಯ ಗಿಡಗಳನ್ನು ನೆಟ್ಟಿದ್ದಳು, ಡ್ಯೂರಿಯನ್. 2022ರಲ್ಲಿ ಚೀನಾ ವಿಯೆಟ್ನಾಮಿನ ತಾಜಾ ಡ್ಯೂರಿಯನ್‌ಗೆ ಬಾಗಿಲು ತೆರೆದ ಮೇಲೆ ಈ ಸೀಮೆಯಲ್ಲೆಲ್ಲ ಅದರದೇ ಗುಂಗು. ಬರುವ ವರ್ಷ ಕಾಫಿಯ ಇನ್ನೊಂದು ಪಟ್ಟಿಯನ್ನೂ ಕಿತ್ತು ಅದನ್ನೇ ಹಾಕುತ್ತಾಳಂತೆ. ಅಕ್ಕಪಕ್ಕದವರು ಆಗಲೇ ಹಾಕಿಯಾಗಿದೆ. ಇವರು ತಲೆದೂಗಿದರು, ಬಹಳ ಒಳ್ಳೆಯ ಯೋಚನೆ ಎಂದು ಫೋನಿಗೆ ಮೂರು ಸಲ ಹೇಳಿದರು. ಅವಳು ಕಾಫಿ ಕೀಳುತ್ತಾಳೆಂದರೆ ನಮ್ಮ ಚೆರಿಗೆ ಒಳ್ಳೆಯದೇ ತಾನೆ?

ವಾಪಸು ವಿಮಾನದಲ್ಲಿ ಡ್ಯೂರಿಯನ್ ತರಕೂಡದು ಎಂಬ ಚಿತ್ರವನ್ನು ಬಾಗಿಲಲ್ಲೇ ಅಂಟಿಸಿದ್ದರು. ಇವರು ಅದನ್ನೇ ನೋಡುತ್ತಾ ಕ್ಯೂನಲ್ಲಿ ನಿಂತಿದ್ದರು. ಸೀಟಿನಲ್ಲಿ ಮಂಡಿ ಮಡಚಿ ಕೂತು, ಬೆಲ್ಟು ಹಾಕಿಕೊಂಡು, ಸ್ವಲ್ಪ ಹೊತ್ತು ಕೆಮ್ಮಣ್ಣು ನೋಡಿದರು.

"ನಮ್ಮ ಕೆಳಗಿನ ತಾಕಿನಲ್ಲಿ ನೀರಿದೆ. ಒಂದ್ ನೂರು ಗಿಡ ಹಾಕಿದ್ರೆ?"

"ಯಾವ ಗಿಡ?"

"ಅದೇ. ಚೀನಾದವ್ರು ಹೆಂಗೂ ತಗೋತಾರೆ."

"ರೀ, ವೆನಿಲ್ಲಾ ಬಳ್ಳಿ ನೆನಪಿದೆಯಾ?" ಅಂದೆ. 2003ರಲ್ಲಿ ವೆನಿಲ್ಲಾ ಕಾಯಿಗೆ ಚಿನ್ನದ ಬೆಲೆ ಬಂದಾಗ ಕಾಫಿ ಗಿಡದ ಮಧ್ಯೆ ಊರೆಲ್ಲ ಬಳ್ಳಿ ಹಬ್ಬಿಸಿತ್ತು. ಎರಡು ವರ್ಷದಲ್ಲಿ ಕೇಳುವವರಿಲ್ಲದೆ ಹೋಯಿತು. ನಾವೂ ಹಬ್ಬಿಸಿದ್ದೆವು.

ಇವರು ಉತ್ತರ ಕೊಡಲಿಲ್ಲ. ಗಾಡಿ ತಳ್ಳಿಕೊಂಡು ಬಂದ ಹುಡುಗಿಯನ್ನು ನಿಲ್ಲಿಸಿ ಕಾಫಿ ಕೇಳಿದರು, ಬೆಲೆ ಕೇಳಿದರು, ಆ ದೋಂಗನ್ನು ಅದೇ ಬೋರ್ಡಿಂಗ್ ಪಾಸಿನ ಹಿಂದೆ ರೂಪಾಯಿಗೆ ಇಳಿಸಿ, ಕಪ್ಪಿಗೆ ಎಷ್ಟು ಗ್ರಾಂ ಪುಡಿ ಬೀಳುತ್ತದೆ ಎಂದು ಲೆಕ್ಕ ಹಾಕಿ, ಬೇಡ ಎಂದು ಕಳಿಸಿದರು.